ವಾರಕ್ಕೊಂದು ಕೊಡ ಕಡಿಮೆ

ಮೊದಲ ದಿನ ಚಿಕಿತ್ಸೆಯ ಕೊಳದ ನೀರಿಗೆ ಬಿದ್ದವರು ಯಾರು ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ನನ್ನ ನೆನಪಿನ ಪ್ರಕಾರ ಬಿದ್ದದ್ದು ನಾಗವೇಣಿ ಎಂಬ ಆರು ವರ್ಷದ ಹುಡುಗಿ. ಅವಳು ನನ್ನ ಕೈಯಿಂದ ಜಾರಿ ಒಂದು ಗುಟುಕು ನೀರು ಕುಡಿದಳು, ನಾನು ಎತ್ತಿಕೊಂಡು ಬೆನ್ನು ತಟ್ಟಿದೆ, ಎಲ್ಲ ಸರಿಹೋಯಿತು. ಆದರೆ ಅವಳ ತಾಯಿ ಹುಲಿಗೆವ್ವ, ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಉಳಿದ ತಾಯಂದಿರಿಗೆ ಹೇಳುತ್ತಿದ್ದ ಕಥೆ ಬೇರೆಯೇ ಇತ್ತು.

"ಹುಡುಗಿ ನನ್ನ ಟೊಂಕದ ಮ್ಯಾಲ ಕುಂತಿತ್ತವಾ. ಜಾರಿ ಬಿದ್ದಾವ್ರು ಡಾಕ್ಟ್ರು, ರಜಿಸ್ಟರ್ ಸಮೇತ. ನಾನ ಅಂಗಿ ಕಾಲರ್ ಹಿಡದು ಎಬ್ಬಿಸಿದೆ. ಈಕಿ ಹೊಟ್ಟಿ ಹಿಡಕೊಂಡು ನಕ್ಕಿದ್ದು ಅವತ್ತ ನೋಡು."

ಎರಡು ಸಾಕ್ಷಿಗಳ ಮಾತು ಹೊಂದದಿದ್ದರೆ, ಯಾರ ಮಾತಿನಿಂದ ಯಾರಿಗೆ ಲಾಭ ಎಂದು ಕೇಳಬೇಕು ಎಂಬುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ನನ್ನ ಕಥೆಯಲ್ಲಿ ನಾನು ಮಗುವನ್ನು ಉಳಿಸಿದವನು. ಆದ್ದರಿಂದ ಅದನ್ನು ನಂಬುವುದು ಕಷ್ಟ. ಆ ರಜಿಸ್ಟರ್ ಸಿಕ್ಕಿದ್ದರೆ ಹಾಳೆಗಳು ನೆನೆದಿವೆಯೋ ಇಲ್ಲವೋ ನೋಡಬಹುದಿತ್ತು. ಕಚೇರಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಕಳೆದುಹೋಯಿತು. ನಿವೃತ್ತರು ಬರೆಯುವ ಅನುಭವಗಳಲ್ಲಿ ಬರೆದವರು ಎಂದೂ ನೀರಿಗೆ ಬೀಳುವುದಿಲ್ಲ. ಬಿದ್ದವರನ್ನು ಎತ್ತುತ್ತಲೇ ಇರುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನೀವು ಮುಂದಿನದನ್ನು ಓದುವಾಗ ಇದನ್ನು ಗಮನದಲ್ಲಿಡಿ.

ಕೈಕಾಲು ಬಿಗಿದ, ಕುಸಿದ, ತಿರುಚಿದ ಮಕ್ಕಳಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಪದವಿ ಪ್ರಮಾಣಪತ್ರದಲ್ಲಿ ಭೌತಚಿಕಿತ್ಸಕ ಎಂದಿದೆ. ಗಂಗಾವತಿಯಲ್ಲಿ ಜನ ಮಾಲೀಶ್ ಡಾಕ್ಟ್ರು ಎಂದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಮಾಲೀಶಿಗೂ ನನ್ನ ಶಾಸ್ತ್ರಕ್ಕೂ ಇರುವ ವ್ಯತ್ಯಾಸವನ್ನು ಒಬ್ಬ ರೈತನಿಗೆ ಬಹಳ ಹೊತ್ತು ವಿವರಿಸಿದ್ದೆ. ಆತ ಪೂರ್ತಿ ಕೇಳಿ, "ಆತ್ರಿ, ಹಂಗಾದ್ರ ಮಾಲೀಶ್ ಯಾವಾಗ ಚಾಲೂ ಮಾಡ್ತೀರಿ?" ಎಂದ. ಬಡ್ತಿ, ವರ್ಗಾವಣೆಗಳ ವಿವರ ಇಲ್ಲಿ ಬೇಡ. ನನಗೆ ಬಡ್ತಿ ಸಿಕ್ಕಾಗಲೆಲ್ಲ ಒಂದು ಕುರ್ಚಿ ಹೆಚ್ಚಾಯಿತು, ಒಂದು ಮಗು ದೂರವಾಯಿತು.

ಗಂಗಾವತಿಯ ನನ್ನ ಮೊದಲ ಮೇಲಧಿಕಾರಿಗೆ ಶಾಖದಲ್ಲಿ ಅಚಲ ನಂಬಿಕೆ. ಸೊಂಟ ನೋವಿಗೆ ಕೆಂಪು ದೀಪ, ಕತ್ತು ಹಿಡಿದರೆ ಕೆಂಪು ದೀಪ, ಹುಟ್ಟಿನಿಂದ ಕಾಲು ಬಿಗಿದ ಮಗುವಿಗೂ ಕೆಂಪು ದೀಪ. ಒಂದು ದಿನ ಆ ದೀಪದ ಬಲ್ಬ್ ಸುಟ್ಟುಹೋಯಿತು. ಜವಾನ ಯಾರಿಗೂ ಹೇಳದೆ, ಗಣಪತಿ ಮಂಟಪದಿಂದ ಉಳಿದಿದ್ದ ಮಾಮೂಲಿ ಕೆಂಪು ಬಲ್ಬ್ ಹಾಕಿಬಿಟ್ಟ. ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಆ ಅವಧಿಯಲ್ಲಿ ಬಂದವರೆಲ್ಲ "ಭಾಳ ಹಿತ ಆಗತೈತ್ರಿ" ಎಂದೇ ಹೋಗಿದ್ದರು. ನಾನು ದೊಡ್ಡ ಸಂಶೋಧನೆ ಮಾಡಿದವನಂತೆ ಮೇಲಧಿಕಾರಿಗೆ ಟಿಪ್ಪಣಿ ಬರೆದೆ: ಶಾಖವಿಲ್ಲದ ಬಲ್ಬೂ ಅಷ್ಟೇ ಕೆಲಸ ಮಾಡುತ್ತಿದೆ, ಆದ್ದರಿಂದ ದೀಪದ ಚಿಕಿತ್ಸೆಯನ್ನು ಮತ್ತೆ ಪರಿಶೀಲಿಸಬೇಕು. ಅವರು ಓದಿ ಸಂತೋಷಪಟ್ಟರು.

"ಛಲೋ ಆತಲ್ರೀ! ಹಂಗಾದ್ರ ಅಂಥಾವ ಇನ್ನೆರಡು ತರಸ್ರಿ."

ಯಲಬುರ್ಗಾದ ಶಿಬಿರದ ನೆನಪೂ ಅಂಥದ್ದೇ. ಕಾಲಿಗೆ ಆಸರೆಯ ಬೂಟು ಬೇಕಾದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಅಳತೆ ತೆಗೆದೆವು. ಅಳತೆ ತೆಗೆದದ್ದು ಯುಗಾದಿಯ ಹೊತ್ತಿಗೆ. ಬೂಟು ಬಂದದ್ದು ಮುಂದಿನ ಯುಗಾದಿಗೆ. ಇಲಾಖೆ ಒಂದು ವರ್ಷ ಕಾಯಿತು, ಮಕ್ಕಳ ಕಾಲು ಕಾಯಲಿಲ್ಲ. ಒಬ್ಬ ತಂದೆ ಬೂಟನ್ನು ಮಗನ ಕಾಲಿಗೆ ತೂರಿಸಲು ನೋಡಿ ಸೋತು, ನನ್ನ ಮುಖ ನೋಡಿದ.

"ಇವನ ತಮ್ಮಗ ಬರೋಬ್ಬರಿ ಬರತಾವ್ರಿ ಸರ. ಏನು ಮಾಡೂದು, ಅವನ ಕಾಲು ಛಲೋ ಅದಾವು."

ಆಮೇಲೆ ನಾನು ಕೊಪ್ಪಳಕ್ಕೆ ಬಂದೆ. ಅಲ್ಲಿ ಮಕ್ಕಳ ಪುನರ್ವಸತಿ ಕೇಂದ್ರವೊಂದಿತ್ತು, ಹೆಸರು ಬೇಡ. ನಾನು ಅಲ್ಲಿದ್ದ ಕಾಲದಲ್ಲಿ ಬೋರ್ಡಿನ ಮೇಲೆ ಅಂಗವಿಕಲ ಎಂದಿದ್ದದ್ದು ವಿಕಲಚೇತನ ಆಯಿತು, ವಿಶೇಷಚೇತನ ಆಯಿತು, ಕೊನೆಗೆ ದಿವ್ಯಾಂಗ ಆಯಿತು. ಬಾಗಿಲ ಮುಂದಿನ ಮೂರು ಮೆಟ್ಟಿಲು ಮಾತ್ರ ಮೆಟ್ಟಿಲಾಗಿಯೇ ಉಳಿದವು. ಬೋರ್ಡ್ ಬರೆಯುವವನು ಬಂದಾಗಲೆಲ್ಲ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಅವನ ಏಣಿಯನ್ನು ಸುತ್ತುಹಾಕಿ ಒಳಗೆ ಬರಬೇಕಾಗುತ್ತಿತ್ತು.

ಜಲಚಿಕಿತ್ಸೆಯ ಹುಚ್ಚು ನನಗೆ ಹತ್ತಿದ್ದು ಅಲ್ಲಿಯೇ. ಹದವಾದ ಬಿಸಿನೀರಿನಲ್ಲಿ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೀರು ದೇಹದ ತೂಕ ಹೊರುತ್ತದೆ, ನೆಲದ ಮೇಲೆ ಆಗದ ಚಲನೆ ನೀರಿನಲ್ಲಿ ಆಗುತ್ತದೆ. ಇದನ್ನು ಓದಿದ್ದೆ, ಒಂದು ತರಬೇತಿಯಲ್ಲಿ ಕಣ್ಣಾರೆ ನೋಡಿದ್ದೆ. ಅರ್ಜಿಯ ಮೇಲೆ ಅರ್ಜಿ ಬರೆದೆ. ಕೊನೆಗೆ ಕೊಳ ಮಂಜೂರಾಯಿತು. ಕಟ್ಟಿಸಲು ಬಂದವರು ಆಯುಷ್ಯವಿಡೀ ಕಾಲುವೆ ಕಟ್ಟಿ ಮುನಿರಾಬಾದಿನಲ್ಲಿ ಮನೆ ಮಾಡಿಕೊಂಡಿದ್ದ ಹಿರಿಯ ಇಂಜಿನಿಯರು.

"ನೀರು ಎಷ್ಟು ಎಕರೆಗೆ ಬೇಕ್ರಿ?" ಎಂದು ಕೇಳಿದರು.

"ಎಕರೆಗಲ್ರಿ, ಮಕ್ಕಳಿಗೆ."

"ಆತು, ಎಕರೆಕ್ಕ ಎಷ್ಟು ಮಕ್ಕಳು?"

ಈ ಕೊನೆಯ ಮಾತನ್ನು ನಾನು ವರ್ಷಗಳ ನಂತರ ಸೇರಿಸಿಕೊಂಡಿರಬಹುದು. ಕೊಳ ಮಾತ್ರ ನಿಜ. ಅದರ ಒಂದು ಗೋಡೆ ಕಾಲುವೆಯ ದಂಡೆಯಂತೆ ಇಳಿಜಾರಾಗಿತ್ತು. ನಾನು ಜಗಳಾಡಿದೆ. ಅವರು "ನೀರು ಅಂದ ಮ್ಯಾಲ ದಂಡಿ ಹಿಂಗ ಇರತೈತ್ರಿ" ಎಂದರು. ಆಮೇಲೆ ನೋಡಿದರೆ ಇಡೀ ಕಟ್ಟಡದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಲೀಸಾಗಿ ಇಳಿಯಬಹುದಾದ ಜಾಗ ಅದೊಂದೇ. ತಿಳಿದವರು ಮಾಡಿದ್ದೆಲ್ಲ ಮೆಟ್ಟಿಲಾಯಿತು, ತಿಳಿಯದವರು ಮಾಡಿದ್ದು ದಾರಿಯಾಯಿತು. ಪಾಚಿ ಕಟ್ಟಿದಾಗ ಜಾರುತ್ತಿತ್ತು ಎಂಬುದೂ ನಿಜ. ನಾನು ಬಿದ್ದಿದ್ದರೆ ಬಿದ್ದದ್ದು ಅಲ್ಲಿಯೇ.

ನೀರನ್ನು ಬಿಸಿ ಮಾಡುವ ಯಂತ್ರಕ್ಕೆ ಬರೆದಾಗ ಬಚ್ಚಲುಮನೆಯ ಒಂದು ಗೀಜರ್ ಕಳಿಸಿದರು. ಹತ್ತು ಜನ ಇಳಿಯುವ ಕೊಳಕ್ಕೆ ಒಬ್ಬರ ಸ್ನಾನದ ಗೀಜರ್. ಬೇಸಿಗೆಯಲ್ಲಿ ಚಿಂತೆ ಇರಲಿಲ್ಲ. ಕೊಪ್ಪಳದ ಬಿಸಿಲಿಗೆ ಮಾಳಿಗೆಯ ಕಪ್ಪು ಟ್ಯಾಂಕಿನ ನೀರು ಕೈ ಸುಡುವಷ್ಟು ಕಾಯುತ್ತಿತ್ತು. ಚಳಿಗಾಲದಲ್ಲಿ ಮಕ್ಕಳು ನೀರು ಮುಟ್ಟಿದ ಕೂಡಲೇ ಇನ್ನಷ್ಟು ಸೆಟೆದುಕೊಳ್ಳುತ್ತಿದ್ದರು. ಸಡಿಲಿಸಲು ಕಟ್ಟಿಸಿದ ಕೊಳದಲ್ಲಿ ನಾವು ಮಕ್ಕಳನ್ನು ಬಿಗಿಗೊಳಿಸಿ ಮನೆಗೆ ಕಳಿಸಿದ ದಿನಗಳು ಬೇಕಾದಷ್ಟಿವೆ. ವರದಿಯಲ್ಲಿ ಅವೂ "ಜಲಚಿಕಿತ್ಸೆ ನೀಡಲಾಯಿತು" ಎಂದೇ ಲೆಕ್ಕಕ್ಕೆ ಸೇರಿವೆ. ಕೆಂಪು ದೀಪವನ್ನು ಕಂಡು ನಕ್ಕವನು ನಾನು. ನೀರಿನ ವಿಷಯದಲ್ಲಿ ನನ್ನನ್ನು ನೋಡಿ ನಗುವವರು ಯಾರೂ ಇರಲಿಲ್ಲ, ಹುಲಿಗೆವ್ವ ಬರುವವರೆಗೆ.

ಹುಲಿಗೆವ್ವನ ಊರು ತಾವರಗೇರಾದ ಹತ್ತಿರದ ಒಂದು ಹಳ್ಳಿ. ಮಳೆ ನಂಬಿದ ತುಸು ಹೊಲ, ಎರಡು ಎತ್ತು, ಉಳಿದ ದಿನ ಕೂಲಿ. ನಾಗವೇಣಿಗೆ ಹುಟ್ಟುವಾಗಲೇ ಮಿದುಳಿಗೆ ಪೆಟ್ಟು ಬಿದ್ದು ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದಿದ್ದವು. ಬೆನ್ನು ನಿಲ್ಲುತ್ತಿರಲಿಲ್ಲ, ಕೂರಿಸಿದರೆ ಪಕ್ಕಕ್ಕೆ ವಾಲಿ ಬೀಳುತ್ತಿದ್ದಳು. ಮಾತು ಮಾತ್ರ ಚುರುಕು. ನನ್ನನ್ನು ಮೊದಲು ನೋಡಿದ ದಿನವೇ "ಅವ್ವಾ, ಇವ್ರ ತಲ್ಯಾಗ ಕೂದ್ಲ ಯಾಕಿಲ್ಲ?" ಎಂದು ಕೇಳಿದವಳು.

ಮೊದಲ ಭೇಟಿಯಲ್ಲಿ ನಾನು ಎಲ್ಲ ತಾಯಂದಿರನ್ನು ಕೇಳುವ ಪ್ರಶ್ನೆ ಕೇಳಿದೆ: ನಿಮಗೆ ಏನಾಗಬೇಕು? ಎಲ್ಲರೂ ಹೇಳುವ ಉತ್ತರ, ನಡೀಬೇಕು. ಹುಲಿಗೆವ್ವ ಹಾಗೆನ್ನಲಿಲ್ಲ.

"ಕುಂದರಬೇಕ್ರಿ. ಅಷ್ಟ ಸಾಕು."

"ಯಾಕ, ನಡಿಯೂದು ಬ್ಯಾಡೇನು?"

"ನಡದು ಎಲ್ಲಿ ಹೋಗಬೇಕ್ರಿ ಅಕಿ? ಸಾಲಿಗೆ ನಾ ಹೊತಗೊಂಡು ಹೊಕ್ಕೀನಿ. ಹೆಡ್ ಮಾಸ್ತರ್ ಏನಂದಾರ ಅಂದ್ರ, ಊಟದ ಗಂಟಿ ಹೊಡಿಯೂತನಕ ಬೀಳದಂಗ ಕುಂತ್ರ ಹೆಸರು ಹಚ್ಚತೀನಿ, ಇಲ್ಲಾಂದ್ರ ಇಲ್ಲ. ಬಿದ್ದು ತಲಿ ಒಡಕೊಂಡ್ರ ಪೇಪರ್‌ನ್ಯಾಗ ನನ್ನ ಹೆಸರು ಬರತೈತಿ ಅಂತಾರ."

ಆ ಮುಖ್ಯೋಪಾಧ್ಯಾಯರು ಹಾಗೆ ಷರತ್ತು ಹಾಕುವಂತಿರಲಿಲ್ಲ. ಕಾನೂನಿನ ಪ್ರಕಾರ ಮಗುವನ್ನು ಸೇರಿಸಿಕೊಳ್ಳಲೇಬೇಕಿತ್ತು. ನನಗೆ ಅದು ಗೊತ್ತಿತ್ತು. ಒಂದು ಪತ್ರ ಬರೆದಿದ್ದರೆ ಆ ವಾರವೇ ಕೆಲಸ ಆಗುತ್ತಿತ್ತು. ಬರೆಯಲಿಲ್ಲ. ಅದು ಶಿಕ್ಷಣ ಇಲಾಖೆಯ ವಿಷಯ, ನನ್ನದು ಸ್ನಾಯುಗಳ ವಿಷಯ ಎಂದುಕೊಂಡೆ. ಹೊಸದಾಗಿ ಬಂದ ನೀವು ಇಂಥ ಪತ್ರ ಬರೆಯಿರಿ. ಬರೆದರೆ ಏನಾಗುತ್ತದೆ ಎಂದು ನಾನು ಹೇಳಲಾರೆ, ನನಗೆ ಆ ಅನುಭವವಿಲ್ಲ.

ಹೀಗೆ ಹುಲಿಗೆವ್ವ ವಾರಕ್ಕೊಂದು ದಿನ ಮಗಳನ್ನು ಹೊತ್ತುಕೊಂಡು ಕುಷ್ಟಗಿಗೆ ಬಂದು, ಅಲ್ಲಿ ಬಸ್ ಬದಲಿಸಿ ಕೊಪ್ಪಳಕ್ಕೆ ಬರತೊಡಗಿದಳು. ನೀರಿನಲ್ಲಿ ನಾಗವೇಣಿಯ ಕಾಲು ಬಿಚ್ಚಿಕೊಳ್ಳುತ್ತಿದ್ದವು. ನಾನು ಕಡತದಲ್ಲಿ ಕೋನಗಳನ್ನು ಅಳೆದು ಬರೆಯುತ್ತಿದ್ದೆ. ಒಂದು ದಿನ ಆ ಅಂಕಿಗಳನ್ನು ಹುಲಿಗೆವ್ವನಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಿಮ್ಮ ನೀರಾಗ ಸಡ್ಲ ಆಗತೈತಿ, ಖರೇರಿ. ಬಸ್ಸಿನಾಗ ಕುಷ್ಟಗಿ ಮುಟ್ಟೂದ್ರಾಗ ಮತ್ತ ಕಟಗಿ ಆಗತೈತ್ರಿ. ನೀವು ಅಳತಿ ಕುಷ್ಟಗ್ಯಾಗ ನಿಂತು ತೊಗೊಳ್ರಿ."

ನನಗೆ ಇದುವರೆಗೆ ಸಿಕ್ಕ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ. ಆಗ ಮಾತ್ರ, ಓದುಬರಹ ಬಾರದವಳಿಗೆ ಏನು ಗೊತ್ತು ಎಂದುಕೊಂಡೆ.

ಮನೆ ಭೇಟಿಯ ವರದಿ ಕೊಡಬೇಕೆಂಬ ಆದೇಶ ಬಂದದ್ದರಿಂದ ಒಮ್ಮೆ ಅವಳ ಊರಿಗೆ ಹೋದೆ. ಅಲ್ಲಿ ಅವಳ ಅತ್ತೆ ದ್ಯಾಮವ್ವನನ್ನು ನೋಡಿದೆ. ಊರಿನ ಹಸುಗೂಸುಗಳಿಗೆಲ್ಲ ನೀರು ಎರೆಯುವ ಮುದುಕಿ ಆಕೆ. ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕುಳಿತು, ಆರು ವರ್ಷದ ನಾಗವೇಣಿಯನ್ನೂ ಕೂಸಿನಂತೆ ತನ್ನ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು, ತಂಬಿಗೆಯಿಂದ ಬೆನ್ನಿನ ಮೇಲೆ ಒಂದೇ ಸಮನೆ ನೀರು ಸುರಿಯುತ್ತಿದ್ದಳು. ನಾನು ಥರ್ಮಾಮೀಟರ್ ತೆಗೆದು ಹಂಡೆಯಲ್ಲಿ ಅದ್ದಿದೆ. ಪುಸ್ತಕ ಹೇಳಿದ್ದಕ್ಕಿಂತ ಬಹಳ ಹೆಚ್ಚು ಬಿಸಿ.

"ಅಜ್ಜೀ, ಹುಡುಗಿ ಸುಡತೈತಿ!" ಎಂದು ಕೂಗಿದೆ.

"ಸುಡೂದು ಹಂಡ್ಯಾಗಿಂದು ತಮ್ಮಾ. ಇಕಿನ್ನ ಏನು ಹಂಡ್ಯಾಗ ಕುಂದ್ರಿಸೀನೇನು?"

ತಂಬಿಗೆಯಲ್ಲಿ ಬೆರಕೆ ಮಾಡಿ, ಮೊಣಕೈಗೆ ಸೋಕಿಸಿ ನೋಡಿ ಎರೆಯುತ್ತಿದ್ದಳು. ನಾನು ಅಳೆದದ್ದು ಬೇರೆ ನೀರು, ಮಗುವಿನ ಮೇಲೆ ಬೀಳುತ್ತಿದ್ದದ್ದು ಬೇರೆ ನೀರು. ಬಿಗಿದ ಕಾಲುಗಳನ್ನು ಆಕೆ ಎಳೆಯಲಿಲ್ಲ. ತೊಡೆಯ ಮೇಲೆ ಅಂಗೈ ಇಟ್ಟು, ನೀರು ಸುರಿಯುತ್ತ, ಊರಿನವರ ಮೇಲೆ ಚಾಡಿ ಹೇಳುತ್ತ ಕಾದಳು. ಯಾರದೋ ಸೊಸೆಯ ಕಥೆ ಮುಗಿಯುವಷ್ಟರಲ್ಲಿ ಕಾಲು ತಾವಾಗಿಯೇ ಬೇರೆಯಾದವು. ನನಗೂ ಒಮ್ಮೆ ಮುಟ್ಟಿ ನೋಡು ಎಂದಳು. ನಾನು ಮುಟ್ಟಿದ ಕೂಡಲೇ ಮತ್ತೆ ಬಿಗಿದವು.

"ನಿನ್ನ ಕೈಯಾಗ ಗಡಿಬಿಡಿ ಐತಿ ತಮ್ಮಾ. ನಿನಗ ಎಲ್ಲಿಗೋ ಹೋಗೂದೈತಿ."

ಹೋಗುವುದಿತ್ತು, ನಿಜ. ಯಲಬುರ್ಗಾದಲ್ಲಿ ಮೂರು ಗಂಟೆಗೆ ಸಭೆ ಇತ್ತು. ಮನೆ ಭೇಟಿಯ ವರದಿಯಲ್ಲಿ "ಅವೈಜ್ಞಾನಿಕ ಸ್ನಾನ ಪದ್ಧತಿ, ತಿಳಿವಳಿಕೆ ನೀಡಲಾಯಿತು" ಎಂದು ಬರೆದೆ. ತಿಳಿವಳಿಕೆಯನ್ನು ಯಾರು ಯಾರಿಗೆ ನೀಡಿದರು ಎಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಇನ್ನು ನಮ್ಮ ಸಾಹೇಬರು. ಜಿಲ್ಲೆಯ ಅಧಿಕಾರಿ, ಕೆಟ್ಟವರಲ್ಲ, ಆದರೆ ಫೋಟೋ ಬಿದ್ದರೆ ಮಾತ್ರ ಕೆಲಸ ಆಯಿತು ಎಂದು ನಂಬಿದವರು. ಕೊನೆಗೂ ಕೊಳಕ್ಕೆ ಸರಿಯಾದ ಬಿಸಿನೀರಿನ ಯಂತ್ರ ಬಂದಿತ್ತು. ಅದನ್ನು ಉದ್ಘಾಟಿಸಲು ಗಣ್ಯರು ಬರುವವರಿದ್ದರು. ಅವರೆದುರು ಒಂದು ಮಗು ನೀರಿನಲ್ಲಿ ನಡೆದು ತೋರಿಸಬೇಕು ಎಂದು ಸಾಹೇಬರು ನಿಶ್ಚಯಿಸಿದರು. ನಾನು ನಾಗವೇಣಿಯ ಹೆಸರು ಹೇಳಿದೆ. ಕೊಳದ ತಳದಲ್ಲಿ ಕಟ್ಟಿಸಿದ್ದ ಕಟ್ಟೆಯ ಮೇಲೆ, ಎದೆಮಟ್ಟದ ನೀರಿನಲ್ಲಿ, ಹಿಂದಿನಿಂದ ಹಿಡಿದುಕೊಂಡರೆ ಅವಳು ಎರಡು ಮೂರು ಹೆಜ್ಜೆಯಂಥದ್ದು ಇಡುತ್ತಿದ್ದಳು.

"ಆದ್ರ ಸರ, ಆ ಮಗುವಿಗೆ ಈಗ ಬೇಕಾಗಿದ್ದು ಕುಂದರೂದು," ಎಂದೆ. ಹಾಗೆ ಎಂದೆನೆಂದು ನನ್ನ ನೆನಪು. ಎನ್ನದೆಯೂ ಇದ್ದಿರಬಹುದು.

"ಕುಂದರೂದು ಯಾರು ನೋಡ್ತಾರ್ರೀ? ನಾವೂ ನೀವೂ ದಿನಾ ಕುಂದರತೀವಿ. ನಡದ್ರ ಸುದ್ದಿ."

ಅಲ್ಲಿಂದ ಮೂರು ತಿಂಗಳು ನಾನು ನಾಗವೇಣಿಗೆ ಕೂರುವುದನ್ನು ಬಿಟ್ಟು ಹೆಜ್ಜೆ ಇಡಿಸಿದೆ. ತಾಯಿ ಕೇಳಿದ್ದು ಒಂದು, ಸಾಹೇಬರು ಕೇಳಿದ್ದು ಇನ್ನೊಂದು. ಕೊಟ್ಟದ್ದು ಸಾಹೇಬರು ಕೇಳಿದ್ದನ್ನು. ಹುಲಿಗೆವ್ವ ನಾಲ್ಕಾರು ಸಲ "ಕುಂದರೂದು ಯಾವಾಗ್ರಿ?" ಎಂದಳು. ನಾನು ನಡೆದರೆ ಬೆನ್ನು ತಾನೇ ಗಟ್ಟಿಯಾಗುತ್ತದೆ ಎಂದು ಹೇಳಿದೆ. ಅದು ಸುಳ್ಳೆಂಬುದು ಹೇಳಿದವನಿಗೆ ಗೊತ್ತಿತ್ತು, ಕೇಳಿದವಳಿಗೆ ಅನುಮಾನವಿತ್ತು.

ಅವಳ ಬಾಯಿ ಮುಚ್ಚಿಸಲು ಒಂದು ದಿನ ಶಾಸ್ತ್ರ ಹೇಳಿರಬೇಕು. ನೀರು ಎದೆಯವರೆಗೆ ಇದ್ದರೆ ಮೈಯ ತೂಕವೆಲ್ಲ ನೀರೇ ಹೊರುತ್ತದೆ, ಸೊಂಟಕ್ಕೆ ಇಳಿದರೆ ಬೆನ್ನು ಹೊರಬೇಕು. ಹೀಗೆ ಮಟ್ಟ ಇಳಿಸುತ್ತ ಹೋದರೆ ಬೆನ್ನು ಕಲಿಯುತ್ತದೆ. ಆದರೆ ನಮ್ಮ ಕೊಳದ ಮಟ್ಟ ಇಳಿಸಲು ಆಗುವುದಿಲ್ಲ. ಇಷ್ಟು ಹೇಳಿದ್ದು ನನಗೆ ನೆನಪಿಲ್ಲ. ಹೇಳಿದ್ದೆನೆಂದು ಅವಳು ಆಮೇಲೊಮ್ಮೆ ಹೇಳಿದಳು. ನನ್ನ ಮರ್ಯಾದೆ ಉಳಿಸಲು ಹೇಳಿದಳೋ ಏನೋ. ಹೇಗೂ ಇರಲಿ, ಕೆಲವು ವಾರಗಳ ನಂತರ, ಮಗಳಿಗೆ ಅಂಗಿ ತೊಡಿಸುತ್ತ, ಅವಳು ಸಹಜವಾಗಿ ಒಂದು ಮಾತು ಹೇಳಿದಳು.

"ಇಕಿನ್ನ ಬಾನ್ಯಾಗ ಕುಂದ್ರಸಾಕ ಹತ್ತೀನ್ರಿ."

"ಯಾವ ಬಾನಿ?"

"ಎತ್ತಿಗೆ ನೀರು ಕುಡಸೂ ಬಾನಿರಿ. ಸಿಮೆಂಟಿಂದು. ತೊಳದು, ತುಂಬಿಸಿ, ಬಿಸಲಿಗೆ ಬಿಟ್ರ ಹತ್ತು ಗಂಟೆ ಅನ್ನೂದ್ರಾಗ ಅತ್ತಿ ಮೊಣಕೈಗೆ ಒಪ್ಪತೈತಿ. ಎದಿಮಟ ನೀರು ಹಾಕಿ ಕುಂದ್ರಿಸಿದ್ನಿ, ಕುಂತ್ಲು. ಸೋಮವಾರಕ್ಕೊಮ್ಮಿ ಒಂದು ಕೊಡ ಕಮ್ಮಿ ಹಾಕತೀನಿ."

"ಎತ್ತು ಎಲ್ಲಿ ಕುಡೀತಾವು?"

"ಬಕೀಟಿನಾಗ ಕುಡೀತಾವು. ಸಿಟ್ಟಿಗೆದ್ದಾವು, ಕುಡೀತಾವು."

ನಾಗವೇಣಿ ನಡುವೆ ಬಾಯಿ ಹಾಕಿದಳು. "ಸರ, ಈಗ ಹೊಕ್ಕಳ ಹೊರಗ ಬಂದೈತಿ. ಇನ್ನ ನಾಕು ಕೊಡ ಅಷ್ಟ."

ಹೊಕ್ಕುಳ ಹೊರಗೆ ಬಂದಿದೆ ಎಂದರೆ ನೀರು ಸೊಂಟದ ಕೆಳಗೆ ಇಳಿದಿದೆ ಎಂದರ್ಥ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ ಪಾಠವನ್ನು ಒಬ್ಬಳು ಕೂಲಿ ಹೆಂಗಸು ಕೊಡದ ಲೆಕ್ಕದಲ್ಲಿ ಮಾಡುತ್ತಿದ್ದಳು. ಅವತ್ತೇ ನಾನು ಉದ್ಘಾಟನೆಯನ್ನು ಬಿಟ್ಟು ಬಾನಿಯ ಬಳಿ ಹೋಗಿ ಕೂರಬೇಕಿತ್ತು. ಬದಲಿಗೆ ಹೇಳಿದ್ದು, "ಸೋಂಕು ತಗಲತೈತಿ, ಹುಷಾರ್" ಎಂದು. ನಮ್ಮ ಕೊಳದ ಪಾಚಿಯ ಬಗ್ಗೆ ಇಂಥ ಎಚ್ಚರಿಕೆಯನ್ನು ನಾನು ಯಾರಿಗೂ ಕೊಟ್ಟವನಲ್ಲ.

ಉದ್ಘಾಟನೆಯ ಹಿಂದಿನ ವಾರ ಅವಳು ಕೊನೆಯ ಸಲ ಬಂದಳು. ಬಾನಿಯಲ್ಲಿ ಈಗ ಪಾದ ಮುಳುಗುವಷ್ಟೇ ನೀರು ಎಂದಳು. ಸೋಮವಾರ ಅದೂ ಇಲ್ಲ. ನಾನು ಅವಳ ಕೈಗೆ ಹೊಸ ಫ್ರಾಕ್ ಕೊಟ್ಟೆ. ಸಾಹೇಬರ ಏರ್ಪಾಡು, ಫೋಟೋಗೆ ಕೆಂಪು ಬಣ್ಣ ಚೆನ್ನಾಗಿ ಬೀಳುತ್ತದೆಯಂತೆ. ಗುರುವಾರ ಹತ್ತು ಗಂಟೆಗೆ ತಪ್ಪದೆ ಬರಬೇಕು ಎಂದೆ.

"ಗುರುವಾರ ಏನ್ರಿ?" ಎಂದು ಹುಲಿಗೆವ್ವ ಒಮ್ಮೆ ಕೇಳಿದಳು. ಮತ್ತೇನೋ ಹೇಳಲು ಹೊರಟು, ಫ್ರಾಕನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ನಾನು ಕೇಳಲಿಲ್ಲ.

ಗುರುವಾರ ಗಣ್ಯರು ಬಂದರು. ಹೂವು ಬಂತು, ಕುರ್ಚಿ ಬಂದವು, ಯಂತ್ರದ ಮೇಲೆ ರಿಬ್ಬನ್ ಬಂತು. ಹುಲಿಗೆವ್ವ ಬರಲಿಲ್ಲ. ನಾನು ಫೋನ್ ಮಾಡಿದೆ. ಆ ಫೋನಿನ ಮಾತು ನನ್ನ ತಲೆಯಲ್ಲಿ ಎರಡು ರೀತಿಯಲ್ಲಿದೆ. ಒಂದರಲ್ಲಿ ಅವಳು "ಬಸ್ ತಪ್ಪಿತ್ರಿ" ಎಂದು ಇಟ್ಟುಬಿಡುತ್ತಾಳೆ. ಇನ್ನೊಂದರಲ್ಲಿ ಅವಳ ಹಿಂದೆ ಮಕ್ಕಳ ಗದ್ದಲ, ಒಟ್ಟಾಗಿ ಏನನ್ನೋ ಕೂಗಿ ಓದುವ ದನಿ. ಅವಳು ಪಿಸುದನಿಯಲ್ಲಿ "ಸಾಲ್ಯಾಗ ಕುಂದ್ರಿಸೀನ್ರಿ ಸರ, ಈಗ ಮಾತಾಡಾಕ ಬರೂದಿಲ್ಲ" ಎನ್ನುತ್ತಾಳೆ. ನಾನು ಮಾತ್ರ ಎರಡರಲ್ಲಿಯೂ ಒಂದೇ ರೀತಿ ಕಿರುಚುತ್ತೇನೆ. ಸರ್ಕಾರದ ಸವಲತ್ತು ತಿಂದು ಹೀಗೆ ಮಾಡುತ್ತೀಯಾ ಎಂದು ಕೇಳಿದ್ದು ಚೆನ್ನಾಗಿ ನೆನಪಿದೆ. ಮರೆಯಬೇಕಾದದ್ದು ಮರೆಯುವುದಿಲ್ಲ.

ಸಾಹೇಬರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮೂಲೆಯಲ್ಲಿ ನಿಂತಿದ್ದ, ನಮ್ಮ ಕೇಂದ್ರದ ನರ್ಸಮ್ಮನ ಮಗಳನ್ನು ನೋಡಿದರು. ರಜೆ ಹಾಕಿಸಿ ಸಮಾರಂಭ ನೋಡಲು ಕರೆತಂದಿದ್ದ ಹುಡುಗಿ, ನಾಗವೇಣಿಯಷ್ಟೇ ವಯಸ್ಸು.

"ಈಕಿನ್ನ ಇಳಸ್ರಿ."

"ಸರ, ಈಕಿಗೆ ಏನೂ ಆಗಿಲ್ಲ."

"ಛಲೋನ ಆತಲ್ರೀ, ಹಂಗಾದ್ರ ಬೀಳೂದಿಲ್ಲ."

ಹುಟ್ಟಿದಾಗಿನಿಂದ ಜಿಂಕೆಯಂತೆ ಓಡಾಡಿಕೊಂಡಿದ್ದ ಆ ಹುಡುಗಿ ನನ್ನ ಕೈ ಹಿಡಿದು ಎದೆಮಟ್ಟದ ನೀರಿನಲ್ಲಿ ನಾಲ್ಕು ಹೆಜ್ಜೆ ನಡೆದಳು. ಗಣ್ಯರ ಕಣ್ಣಲ್ಲಿ ನೀರು ಬಂತು. ಚಪ್ಪಾಳೆ ಬಿತ್ತು. ಮರುದಿನ ಪತ್ರಿಕೆಯಲ್ಲಿ ಫೋಟೋ: ಮೊದಲ ಹೆಜ್ಜೆ ಇಟ್ಟ ಬಾಲೆ. ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿರುವ ಬೋಳುತಲೆಯವನು ನಾನು. ನರ್ಸಮ್ಮ ವಾರಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ನೆಂಟರೆಲ್ಲ ಫೋನ್ ಮಾಡಿ ಮಗಳ ಕಾಲಿಗೆ ಏನಾಗಿತ್ತು ಎಂದು ವಿಚಾರಿಸುತ್ತಿದ್ದರಂತೆ.

ಆ ದಿನ ಸಂಜೆ ನಾನು ನಾಗವೇಣಿಯ ಕಡತ ತೆಗೆದು ಬರೆದೆ: "ಪಾಲಕರ ಅಸಹಕಾರ. ಕಾರಣ ತಿಳಿಸಿರುವುದಿಲ್ಲ. ಚಿಕಿತ್ಸೆ ಮುಕ್ತಾಯಗೊಳಿಸಲಾಗಿದೆ." ಸಹಿ ಮಾಡಿದೆ. ಹುಲಿಗೆವ್ವ ಮತ್ತೆ ಬರಲಿಲ್ಲ. ಬಂದಿದ್ದರೂ ಸರದಿಯ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕೆಂಪು ಫ್ರಾಕನ್ನು ಯಾರದೋ ಕೈಯಲ್ಲಿ ವಾಪಸು ಕಳಿಸಿದಳು, ಒಗೆದು ಮಡಿಚಿ. ಕೆಲವು ತಿಂಗಳಲ್ಲಿ ನಾನು ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಸಾಹೇಬರು ಆ ಫೋಟೋವನ್ನೇ ಚೌಕಟ್ಟು ಹಾಕಿಸಿ ಕೊಟ್ಟರು.

ಚೌಕಟ್ಟು ಎರಡು ವರ್ಷ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಈ ಬರಹಕ್ಕೆ ಕುಳಿತಾಗ ತೊಂದರೆ ಶುರುವಾಯಿತು. ಫೋನಿನಲ್ಲಿ ಕೇಳಿದ ಮಕ್ಕಳ ಗದ್ದಲ ನಿಜವೋ, ಅಥವಾ ನನ್ನ ತಪ್ಪನ್ನು ಚಂದ ಮಾಡಲು ಆಮೇಲೆ ನಾನೇ ಸೇರಿಸಿಕೊಂಡದ್ದೋ? ಅವಳು ಕಾರಣ ಹೇಳಿದ್ದೇ ಆಗಿದ್ದರೆ ಕಡತದಲ್ಲಿ ನಾನು ಬರೆದದ್ದು ಸುಳ್ಳು. ಹೇಳದಿದ್ದರೆ ನಾನು ಬರೀ ಸಿಡುಕ. ಎರಡರಲ್ಲಿ ಯಾವುದು ನಾನು ಎಂದು ತಿಳಿಯದೆ ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ ಅನ್ನಿಸಿತು. ಚೌಕಟ್ಟು ಬಿಚ್ಚಿ, ತಾರೀಖಿರುವ ಪತ್ರಿಕೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹುಲಿಗೆವ್ವನ ಊರಿನ ಬಸ್ ಹತ್ತಿದೆ.

ಅಲ್ಲಿನ ಶಾಲೆಯ ಹಳೆಯ ಹೆಡ್ ಮಾಸ್ತರರಿಗೆ ವರ್ಗವಾಗಿತ್ತು. ಹೊಸದಾಗಿ ಬಂದಿದ್ದ ಟೀಚರಮ್ಮ ಅನುಮಾನದಿಂದಲೇ ನೋಡಿದರು.

"ನಾಗವೇಣಿ ಮೂರನೇ ಕ್ಲಾಸಿನ್ಯಾಗ ಅದಾಳ್ರಿ. ಕರೀಲೇನು?"

"ಬ್ಯಾಡ್ರಿ," ಎಂದೆ. "ಮೊದಲು ದಾಖಲಾತಿ ಪುಸ್ತಕ ತೋರಸ್ರಿ."

"ಹುಡುಗಿ ಇಲ್ಲೇ ಅದಾಳ, ನಿಮಗ ಪುಸ್ತಕ ಬೇಕೇನು?" ಎಂದು ಟೀಚರಮ್ಮ ನಕ್ಕರು. ಪುಸ್ತಕ ತಂದು ಮೇಜಿನ ಮೇಲಿಟ್ಟರು. ನಾನು ಬೆರಳು ಆಡಿಸುತ್ತ ಹೆಸರು ಹುಡುಕಿದೆ. ಸೇರಿದ ದಿನಾಂಕ, ನನ್ನ ಜೇಬಿನಲ್ಲಿದ್ದ ಪತ್ರಿಕೆಯ ತಾರೀಖಿಗಿಂತ ಒಂದು ದಿನ ಹಿಂದಿನದು; ಅಂದರೆ ಅದೇ ಗುರುವಾರ. ತನ್ನ ಮೇಲೆ ಏನೂ ಬರಬಾರದೆಂದು ಎಚ್ಚರ ವಹಿಸಿದ್ದ ಆ ಹೆಡ್ ಮಾಸ್ತರರು ಷರಾ ಕಾಲಂನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದರು: "ಬೆಳಿಗ್ಗೆಯಿಂದ ಊಟದ ಗಂಟೆಯವರೆಗೆ ಯಾರ ಆಸರೆಯೂ ಇಲ್ಲದೆ ಕುಳಿತಿದ್ದಾಳೆ. ನಾನೇ ನೋಡಿದ್ದೇನೆ."